ಒಂದೇ ನಂಬರಿನ ಎರಡು ತಕ್ಕಡಿ

ಸೂರ್ ಬಂದರಿನ ಮೀನುಕಟ್ಟೆಯಲ್ಲಿ
ನಸುಕಿಗೆ ಕರೆಂಟು ಹೋಗಿ ಬಂತು.
ಬಂದದ್ದೇ ತಡ, ತಕ್ಕಡಿಗಳು
ಹೆಸರು ಅದಲುಬದಲು ಮಾಡಿಕೊಂಡವು.
ದಂಡೆಯಲ್ಲಿ ತೂಗಿದ ಟ್ಯೂನಾ ಐಸಿನ ಲೆಕ್ಕಕ್ಕೆ,
ಐಸಿನ ಮೂಟೆ ಖಮೀಸನ ದೋಣಿಯ ಲೆಕ್ಕಕ್ಕೆ.
ನಲವತ್ತು ಕಿಲೋ ನೀರು ಹಿಡಿದು ತಂದೆನೇ ನಾನು
ಎಂದು ನಕ್ಕ.
ಆಮೇಲೆ ನಗಲಿಲ್ಲ.

ಕಂಪ್ಯೂಟರಿನ ನ್ಯಾಯ ಇಷ್ಟೇ:
ಅದು ಕಣ್ಣು ಬಿಟ್ಟಾಗ ಮೊದಲು ಕೆಮ್ಮಿದವನು ಸೊನ್ನೆ,
ಆಮೇಲೆ ಕೆಮ್ಮಿದವನು ಒಂದು.
ಇವತ್ತು ಐಸಿನ ಕಡೆಯದು ಮೊದಲು ಕೆಮ್ಮಿದೆ.

ನಿಯಮದ ಕಡತ ತೆರೆದೆ.
ಹೆಸರಿನ ಮುಂದೆ ತೊಂಬತ್ತೊಂಬತ್ತು ಹಾಕಿದೆ,
ಎಲ್ಲರೂ ಹೇಳಿ ಮುಗಿಸಿದ ಮೇಲೆ
ನನ್ನ ಮಾತು ಓದಲಿ ಎಂದು.
ಇಲ್ಲೊಂದು ರಿವಾಜಿದೆ.
ಎರಡು ಸಮಚಿಹ್ನೆ ಇಟ್ಟರೆ ಕೇಳಿದಂತೆ: ನೀನು ಇಂಥವನೇನು?
ಒಂದೇ ಇಟ್ಟರೆ ಕೊಟ್ಟಂತೆ: ಇನ್ನು ಮೇಲೆ ನೀನು ಇಂಥವನು.
ನಿದ್ದೆಗಣ್ಣಲ್ಲಿ ಕೇಳಬೇಕಾದಲ್ಲಿ ಕೊಟ್ಟುಬಿಟ್ಟೆ.
ಆ ಸಾಲನ್ನು ಅದು ಓದದೆ ದಾಟಿಹೋಯಿತು.
ಹುಡುಕುವುದರಲ್ಲಿ ಅರ್ಧ ಗಂಟೆ,
ಹೊರಗೆ ಮೀನು ಬಿಸಿಲಿಗೆ ಬಂತು.

ತಿದ್ದಿ ನೋಡಿದರೆ, ಎರಡೂ ತಂತಿಗಳ ಹೊಟ್ಟೆಯಲ್ಲಿ
ಒಂದೇ ಕಂಪನಿ, ಒಂದೇ ಮಾದರಿ,
ಒಂದೇ ಕ್ರಮಸಂಖ್ಯೆ: ಸೊನ್ನೆ ಸೊನ್ನೆ ಸೊನ್ನೆ ಒಂದು.
ಅಗ್ಗದ ಮಾಲು. ಹಡೆದವರು
ಹೆಸರಿಡದೆ ಹಡಗು ಹತ್ತಿಸಿದ್ದಾರೆ.

ನನ್ನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಮೊದಲು.
ಕಂಪನಿಯ ರಿಜಿಸ್ಟರು ಮೊದಲಿನದನ್ನೇ ಎತ್ತಿಕೊಂಡಿತು.
ಆರು ವರ್ಷದಿಂದ ಈ ಕಟ್ಟೆ ಕೂಗುವುದು ದುರುಗಪ್ಪನನ್ನು,
ಓಗೊಡುವುದು ಯಂಕೋಬ.
ಖಮೀಸನ ನಾಲಿಗೆಗೆ ಪಕಾರ ಹೊರಳದು:
ದುರುಗಬ್ಬಾ!
ಅಪ್ಪ ಕಡಲು ಕಂಡವನಲ್ಲ.
ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ತೊಂದು ವರ್ಷ
ಅವನೊಂದು ಹಿತ್ತಾಳೆ ಬಿಲ್ಲೆ,
ಇಳಿವಾಗ ಕೊಟ್ಟು ಏರಿದಾಗ ಇಸಕೊಳ್ಳುವ
ಹನ್ನೊಂದು ನಲವತ್ತೇಳು.
ಸಂಬಳದ ದಿನ ಅದನ್ನೇ ಕೂಗುತ್ತಿದ್ದರು,
ಚಿಕ್ಕವನಾದ ನನಗೂ ಅದು ಬಾಯಿಪಾಠ.
ಅವನಿಗೆ ಸಲ್ಲಬೇಕಿದ್ದ ಕೂಗೆಲ್ಲ
ಈಗ ಮೀನು ತೊಳೆದ ನೀರಿನ ಮೇಲಿಂದ
ದಿನಕ್ಕೆ ನೂರು ಸಲ ಬರುತ್ತದೆ.
ತಿದ್ದಿಸಿಕೋ ಮಾರಾಯ, ಎನ್ನುತ್ತಾರೆ ರೂಮಿನವರು.
ತಿದ್ದಿಸಿಲ್ಲ.

ಕ್ರಮಸಂಖ್ಯೆ ಕೈಕೊಟ್ಟ ಮೇಲೆ ಉಳಿಯುವುದು ತೂತು.
ಎಲ್ಲಿ ಸಿಕ್ಕಿಸಿದೆಯೋ ಅದೇ ಗುರುತು.
ಎಡದ ತೂತಿನದು ದಂಡೆ, ಬಲದ್ದು ಮಂಜು.
ಮಂಜು ಯಾರು, ಹುಡುಗಿಯೇ? ಎಂದ ಖಮೀಸ್,
ಪರದೆಯ ಮೇಲೆ ಅಕ್ಷರ ಕೂಡಿಸಿ ಓದಿ.
ಐಸಿಗೆ ನಮ್ಮ ಕಡೆ ಹಾಗಂತಾರೆ, ಎಂದೆ.
ನಂಬಲಿಲ್ಲ.
ಗುರುವಾರ ಹುಟ್ಟಿದ್ದಕ್ಕೆ ಅವನು ಖಮೀಸ್.
ತಮ್ಮ ಜುಮಾ, ಶುಕ್ರವಾರ;
ಹುಟ್ಟಿದ್ದು ಮಾತ್ರ ಮಂಗಳವಾರವಂತೆ.

ಹೊಸ ನಿಯಮ ಓದಿಕೋ ಎಂದೆ. ಓದಿಕೊಂಡಿತು.
ಏನೂ ಬದಲಾಗಲಿಲ್ಲ.
ಆಗಲೇ ಸಿಕ್ಕಿಕೊಂಡು ಕೂತದ್ದು
ಹಳೇ ಹೆಸರಲ್ಲೇ ಕೂತಿರುತ್ತದೆ,
ಒಮ್ಮೆ ಕೀಳಬೇಕು.
ಕಿತ್ತು, ಉಪ್ಪು ಒರೆಸಿ, ಮತ್ತೆ ಸಿಕ್ಕಿಸಿದೆ.
ಸೊನ್ನೆ ಒಂದುಗಳು ಹೋಗಿಲ್ಲ, ಒಳಗೆ ಹಾಗೇ ಇವೆ,
ನಾನು ಕೊಟ್ಟದ್ದು ಮೇಲಿನ ಕರೆಯುವ ಹೆಸರು.
ಖಮೀಸ್ ಎಡದ ತಟ್ಟೆಗೆ ಮೀನೊಂದನ್ನು ಎತ್ತಿ ಹಾಕಿದ.
ಹನ್ನೆರಡೂವರೆ ಕಿಲೋ.
ದಂಡೆಯ ಲೆಕ್ಕಕ್ಕೇ ಬಿತ್ತು.

ಶನಿವಾರ ಶೊಫಿಕುಲ್ ಮೇಜು ಒರೆಸುತ್ತಾನೆ,
ತಂತಿಗಳನ್ನೆಲ್ಲ ಕಿತ್ತಿಟ್ಟು, ಬಲು ಅಚ್ಚುಕಟ್ಟು ಮನುಷ್ಯ.
ತೂತು ಬದಲಿಸಬೇಡ ಎಂದು ಟೇಪಿನ ಮೇಲೆ ಬರೆಯಹೊರಟು
ಯಾವ ಭಾಷೆಯಲ್ಲಿ ಎಂದು ತಡೆದೆ.
ಅವನದು ಬಂಗಾಳಿ, ನನಗೆ ಬರದು.
ಕೊನೆಗೆ ಎಡಕ್ಕೆ ಮೀನು ಬಿಡಿಸಿದೆ,
ಬಲಕ್ಕೆ ಒಂದು ಚೌಕ.
ಐಸು ಎಂದು ಅವನಿಗೆ ಗೊತ್ತಾದರೆ ಸಾಕು.
ಮೀನಿಗೆ ಕಣ್ಣಿಡುವಷ್ಟರಲ್ಲಿ
ಐಸಿನ ಮನೆಯಿಂದ ಯಾರೋ ಅಪ್ಪನನ್ನು ಕೂಗಿದರು.
ಬಂದೆ, ಎಂದೆ.